ಮಾಸ್ಟ್ರ ಹಾರ್ಡ್ ಡಿಸ್ಕ್: ತಾಳಮದ್ದಲೆ ಫೈಲ್‌ಗಳನ್ನು ಹೆಸರು ಸಮೇತ ವಾಪಸ್ ತಂದದ್ದು

ಡಿಸ್ಕ್ 500 ಜಿಬಿಯದ್ದು. ಡೆಸ್ಕ್‌ಟಾಪಿಗೆ ಹಾಕುವ ಮೂರೂವರೆ ಇಂಚಿನ ಹಳೇ ಡಿಸ್ಕ್, 7200 ಆರ್‌ಪಿಎಂ. ಅದರಲ್ಲಿದ್ದದ್ದು ಮಂಗಳೂರಿನ ಉರ್ವದಲ್ಲಿ ನಮ್ಮ ಪಕ್ಕದ ಮನೆಯ ಮಾಸ್ಟ್ರು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಏರಿಸಿದ ತಾಳಮದ್ದಲೆಗಳು, ಅಂದರೆ ವೇಷ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ರಿಟೈರ್ ಆದ ಮೇಲೆ ಅವರು ಕೂತು ಮಾಡಿದ ಕೆಲಸ ಅದೊಂದೇ. ಎಲ್ಲ ವೇವ್ ಫೈಲ್, ಅಂದರೆ ಕುಗ್ಗಿಸದೆ ಇಟ್ಟ ಆಡಿಯೋ. ಒಂದೊಂದು ಫೈಲಿಗೂ ಉದ್ದದ ಹೆಸರು: ಪ್ರಸಂಗ, ಊರು, ವರ್ಷ, ಹಾಡುವ ಭಾಗವತರು, ಪಾತ್ರವಾಗಿ ಮಾತಾಡುವ (ಅರ್ಥ ಹೇಳುವ) ಅರ್ಥಧಾರಿಗಳು, ಕ್ಯಾಸೆಟ್ ನಂಬರ್, ಎ ಬದಿಯೋ ಬಿ ಬದಿಯೋ. ಬೇರೆ ಪುಸ್ತಕದಲ್ಲಿ ಪಟ್ಟಿ ಇರಲಿಲ್ಲ. ಫೈಲಿನ ಹೆಸರೇ ಪಟ್ಟಿ.

ಆದ್ದರಿಂದ ಆಡಿಯೋ ಮಾತ್ರ ಬಂದರೆ ಸಾಲದು, ಹೆಸರೂ ಬರಬೇಕಿತ್ತು. ಯಾರ ಅರ್ಥ, ಯಾವ ಊರಿನ ಕೂಟ, ಯಾವ ವರ್ಷ ಅಂತ ಗೊತ್ತಿಲ್ಲದ ತಾಳಮದ್ದಲೆ ಅರ್ಧ ಕಳೆದುಹೋದ ಹಾಗೆಯೇ ಅಲ್ವಾ? ಹಾರ್ಡ್ ಡಿಸ್ಕಿನಿಂದ ಫೈಲ್ ತೆಗೆಯುವ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಡೇಟಾ ಬಂತು’ ಅನ್ನುವಲ್ಲಿಗೆ ನಿಲ್ಲಿಸುತ್ತಾರೆ. ನಾನು ಇಲ್ಲಿ ಹೆಸರನ್ನು ಉಳಿಸುವುದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಕೆಲಸದ ಕ್ರಮ ಪೂರ್ತಿ ಅದರ ಮೇಲೆಯೇ ನಿಂತಿತ್ತು.

ಮಾಸ್ಟ್ರು ಫೋನ್ ಮಾಡಿದ್ದು ಒಂದು ಸಂಜೆ. “ಡಿ ಡ್ರೈವ್ ಒತ್ತಿದ್ರೆ ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳ್ತದೆ ಮಾರಾಯ. ಒತ್ಲಿಕ್ಕೆ ಉಂಟಾ?”

“ಬೇಡ ಮಾಸ್ಟ್ರೇ, ಎಂತದ್ದನ್ನೂ ಒತ್ಬೇಡಿ. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗ್ದಿಡಿ. ನಾನು ಬರ್ತೇನೆ.”

ಫಾರ್ಮ್ಯಾಟ್ ಒತ್ತಬಾರದು ಅಂತ ಹೆಚ್ಚಿನವರಿಗೆ ಗೊತ್ತು. ಆದರೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದರೆ ಸರಿಯಾಗುತ್ತದೆ ಅಂತ ನಂಬುವವರು ಬಹಳ ಜನ. ಅದು ಸಾಯುತ್ತಿರುವ ಡಿಸ್ಕಿಗೆ ಮಾಡುವ ಅತಿ ಕೆಟ್ಟ ಉಪಚಾರ. ಚೆಕ್‌ಡಿಸ್ಕಿಗೆ ಬೇಕಾದದ್ದು ಡ್ರೈವ್ ಮತ್ತೆ ತೆರೆಯುವುದು, ನಿಮ್ಮ ಫೈಲ್ ಅಲ್ಲ. ಓದಲಾಗದ ದಾಖಲೆಯನ್ನು ಅದು ಕಿತ್ತು ಹಾಕುತ್ತದೆ. ಅನಾಥವಾದ ತುಂಡುಗಳನ್ನು ಹೆಸರು ಬದಲಿಸಿ ಬೇರೆ ಫೋಲ್ಡರಿಗೆ ಸುರಿಯುತ್ತದೆ. ಇದನ್ನೆಲ್ಲ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ನಮಗೆ ಬೇಕಾದ ಹೆಸರುಗಳು ಹೋಗುವುದು ಅಲ್ಲಿಯೇ.

ಮನೆಯಲ್ಲಿ ಮಾಡಬಹುದಾದ ಕೆಲಸವೋ ಅಲ್ಲವೋ ಅಂತ ಮೊದಲು ತೀರ್ಮಾನಿಸಬೇಕು. ಅದಕ್ಕೆ ಕಿವಿ ಸಾಕು. ಡಿಸ್ಕನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು ಪವರ್ ಕೊಟ್ಟೆ. ಡೇಟಾ ಇರುವ ಒಳಗಿನ ತಟ್ಟೆ, ಅಂದರೆ ಪ್ಲ್ಯಾಟರ್, ತಿರುಗಲು ಶುರುವಾಯಿತು, ವೇಗ ಹಿಡಿಯಿತು, ಅದನ್ನು ಓದುವ ಹೆಡ್ ಹೊರಗೆ ಬಂದ ಸಣ್ಣ ಸದ್ದು ಕೇಳಿತು, ಆಮೇಲೆ ಒಂದೇ ಸಮನೆ ತಿರುಗಿತು. ನಡುನಡುವೆ ಕರ್ರ್ ಅಂತ ಅಡ್ಡಿಯಾಗಿ ಮತ್ತೆ ಸರಿಯಾಗುತ್ತಿತ್ತು. ಇದು ಓದಲು ಒದ್ದಾಡುವ ಸದ್ದು. ಹೀಗಿದ್ದರೆ ಪ್ರಯತ್ನ ಮಾಡಬಹುದು. ಪವರ್ ಕೊಟ್ಟ ಕೂಡಲೇ ಟಕ್, ಟಕ್, ಟಕ್ ಅಂತ ತಾಳ ಹಾಕಿದ ಹಾಗೆ ಬಡಿದು ನಿಂತುಬಿಟ್ಟರೆ ಹೆಡ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಅಲ್ಲಿಗೇ ನಿಲ್ಲಿಸಿ, ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಲ್ಯಾಬಿಗೆ ಕೊಡಬೇಕು. ಓದುವ ಹೆಡ್ ಪ್ಲ್ಯಾಟರಿನಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ನಮ್ಮ ಮನೆಯ ಗಾಳಿಯ ಧೂಳಿನ ಕಣ ಅದರ ನೂರಾರು ಪಟ್ಟು ದೊಡ್ಡದು. ಮುಚ್ಚಳ ತೆಗೆದು ನೋಡುವ ಆಸೆಯನ್ನು ಅದುಮಿಡಿ.

ಫ್ರಿಜ್ಜಿನ ಮಾತು ಮಾಸ್ಟ್ರೂ ಎತ್ತಿದರು. ಯಾರೋ ಹೇಳಿದ್ದಂತೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟರೆ ಡಿಸ್ಕ್ ಸರಿಯಾಗುತ್ತದೆ ಅಂತ. ಮಂಗಳೂರಿನ ಸೆಕೆಯಲ್ಲಿ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಹೇಗೆ ಬೆವರುತ್ತದೆ ಅಂತ ನೋಡಿದ್ದೀರಲ್ಲ. ಇಂಥ ಡಿಸ್ಕಿಗೆ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ. ಅದಕ್ಕೆ ಫಿಲ್ಟರ್ ಇದ್ದರೂ ತೇವದ ಗಾಳಿ ಒಳಗೆ ಹೋಗುತ್ತದೆ. ತಣ್ಣಗಿನ ಪ್ಲ್ಯಾಟರಿನ ಮೇಲೆ ನೀರಿನ ಪಸೆ ಕೂತರೆ ಅದರ ಮೇಲೆ ಹೆಡ್ ಓಡಬೇಕು. ದಯವಿಟ್ಟು ಯಾರೂ ಮಾಡಬೇಡಿ.

ಬೋರ್ಡಿನ ಹಿಂಬದಿ

ಕಡಲ ಹತ್ತಿರದ ಊರುಗಳಲ್ಲಿ ಇದೊಂದನ್ನು ಮೊದಲು ನೋಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಡಿಸ್ಕಿನ ಅಡಿಯಲ್ಲಿರುವ ಬೋರ್ಡನ್ನು ಬಿಚ್ಚುವುದಕ್ಕೂ ಡಿಸ್ಕನ್ನು ತೆರೆಯುವುದಕ್ಕೂ ಸಂಬಂಧವಿಲ್ಲ. ನಕ್ಷತ್ರದ ತಲೆಯ ಟಾರ್ಕ್ಸ್ ಸ್ಕ್ರೂಗಳನ್ನು ತೆಗೆದರೆ ಬೋರ್ಡ್ ಕೈಗೆ ಬರುತ್ತದೆ, ಒಳಗಿನ ಕೋಣೆ ಮುಚ್ಚಿಯೇ ಇರುತ್ತದೆ.

ಬೋರ್ಡನ್ನು ಮಗುಚಿದಾಗ ಕಂಡದ್ದು ಹೀಗೆ. ಹೆಡ್‌ಗಳಿಗೆ ಸಂಪರ್ಕ ಕೊಡುವ ಸಾಲಿನಲ್ಲಿ ಸಣ್ಣ ಸಣ್ಣ ಪ್ಯಾಡ್‌ಗಳಿದ್ದವು. ಅವು ಹೊಳೆಯಬೇಕಿತ್ತು. ಇಲ್ಲಿ ಒಂದು ತುದಿಯವು ಕಪ್ಪಾಗಿದ್ದವು, ಇನ್ನು ಕೆಲವಕ್ಕೆ ಮಾಸಲು ಕಂದು ಪದರ. ಡಿಸ್ಕಿನಿಂದ ಮೇಲೆ ಬರುವ ಸ್ಪ್ರಿಂಗ್ ಪಿನ್ನುಗಳು ಒತ್ತುತ್ತಿದ್ದ ಜಾಗದಲ್ಲಿ ಮಾತ್ರ ಚುಕ್ಕೆಯಷ್ಟು ಗುರುತು. ಉಪ್ಪುಗಾಳಿ, ಮಳೆಗಾಲದ ತೇವ, ವರ್ಷಗಟ್ಟಲೆ ಬಿಚ್ಚದ ಕಂಪ್ಯೂಟರ್: ಮೂರೂ ಸೇರಿದರೆ ಹೀಗಾಗುತ್ತದೆ. ಹೆಡ್ಡಿನಿಂದ ಬರುವ ಸಿಗ್ನಲ್ ಈ ಪ್ಯಾಡ್‌ಗಳ ಮೂಲಕವೇ ಹಾಯಬೇಕು. ಸಂಪರ್ಕ ಹಿಡಿದೂ ಹಿಡಿಯದ ಹಾಗಿದ್ದರೆ ಡಿಸ್ಕಿಗೆ ಅದು ಓದುವ ದೋಷದ ಹಾಗೆಯೇ ಕಾಣುತ್ತದೆ.

ಮಕ್ಕಳು ಬಳಸುವ ಬಿಳಿ ರಬ್ಬರಿನಿಂದ ಪ್ಯಾಡ್‌ಗಳನ್ನು ಹಗುರವಾಗಿ ಉಜ್ಜಿದೆ. ಒತ್ತಿ ಉಜ್ಜಿದರೆ ಮೇಲಿನ ಲೇಪವೇ ಹೋಗುತ್ತದೆ. ಮರಳು ಕಾಗದವಂತೂ ಬೇಡವೇ ಬೇಡ. ರಬ್ಬರಿನ ಪುಡಿಯನ್ನು ಬ್ರಶ್ಶಿನಿಂದ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟೆ. ಮತ್ತೆ ಸ್ಕ್ರೂ ಹಾಕುವಾಗ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು, ಆಗ ಪಿನ್ನುಗಳು ಸಮನಾಗಿ ಕೂರುತ್ತವೆ.

ಈಗ ಪವರ್ ಕೊಟ್ಟರೆ ಕರ್ರ್ ಶಬ್ದ ಬಹಳ ಕಡಿಮೆಯಾಗಿತ್ತು. ಪೂರ್ತಿ ಹೋಗಿರಲಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಡಿಸ್ಕ್ ಪೂರ್ತಿ ಸತ್ತು, ತಿರುಗುವುದೇ ಇಲ್ಲ ಅಂತಾದರೆ, ಅದೇ ಬ್ರ್ಯಾಂಡಿನ ಬೇರೆ ಬೋರ್ಡ್ ತಂದು ಹಾಕಿದರಾಯಿತು ಅನ್ನುತ್ತಾರೆ. ಹಳೇ ಕಾಲದ ಡಿಸ್ಕಿಗೆ ಆಗುತ್ತಿತ್ತು. ಈಗಿನ ಬೋರ್ಡಿನಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ಅಳತೆಗಳು ಸಣ್ಣ ರೋಮ್ (ROM) ಚಿಪ್ಪಿನಲ್ಲಿರುತ್ತವೆ. ರೋಮ್ ಅಂದರೆ ಓದಲು ಮಾತ್ರ ಇರುವ ಚಿಪ್, ಮೆಮೊರಿಯ ರ್ಯಾಮ್ (RAM) ಅಲ್ಲ. ಎಂಟು ಕಾಲಿನ ಆ ಚಿಪ್ಪನ್ನು ಹಳೇ ಬೋರ್ಡಿನಿಂದ ಕಿತ್ತು ಹೊಸದಕ್ಕೆ ಬೆಸುಗೆ ಹಾಕಬೇಕಾಗುತ್ತದೆ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಪ್ರತಿ ತೆಗೆಯುವುದು

ಡಿಸ್ಕನ್ನು ನನ್ನ ಡೆಸ್ಕ್‌ಟಾಪಿನ ಮದರ್‌ಬೋರ್ಡಿಗೆ ನೇರ ಸಾಟಾ ಕೇಬಲಿನಲ್ಲಿ ಹಾಕಿದೆ. ಯುಎಸ್‌ಬಿ ಅಡಾಪ್ಟರ್ ಬಳಸಲಿಲ್ಲ. ದೋಷ ಬಂದಾಗ ಅಡಾಪ್ಟರ್ ಸ್ತಬ್ಧವಾಗಿಬಿಡುತ್ತದೆ, ಅಥವಾ ಡಿಸ್ಕನ್ನೇ ಬಿಟ್ಟುಬಿಡುತ್ತದೆ. ಕಂಪ್ಯೂಟರನ್ನು ಪೆನ್ ಡ್ರೈವಿನ ಲಿನಕ್ಸಿನಿಂದ ಶುರು ಮಾಡಿದೆ. ಡ್ರೈವ್ ತಾನಾಗಿ ತೆರೆಯದಂತೆ ಸೆಟ್ಟಿಂಗ್ ಬದಲಿಸಿದೆ. ಹತ್ತಿರದಲ್ಲೇ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಎಲ್ಲಕ್ಕೂ ಯುಪಿಎಸ್ ಉಂಟು, ಯಾಕೆಂದರೆ ಸಂಜೆ ಗುಡುಗು ಬಂದರೆ ಕರೆಂಟ್ ಹೋಗಿ ಬರುವುದು ಇಲ್ಲಿ ಮಾಮೂಲಿ.

ಮೊದಲು ಡಿಸ್ಕಿನ ಸ್ಮಾರ್ಟ್ ಲೆಕ್ಕ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕ, ನೋಡಿದೆ. ಅಲ್ಲಿ ಮೂರು ಸಾಲು ಸಾಕು. 5ನೇ ನಂಬರು: ಕೆಟ್ಟಿತು ಅಂತ ಡಿಸ್ಕ್ ಈಗಾಗಲೇ ಬದಲಿಸಿದ ಸಣ್ಣ ತುಂಡುಗಳು, ಅಂದರೆ ಸೆಕ್ಟರ್‌ಗಳು. 197: ಓದಲು ಆಗುತ್ತಿಲ್ಲ, ಏನು ಮಾಡುವುದು ಅಂತ ತೀರ್ಮಾನವಾಗದೆ ಕಾದಿರುವವು. 199: ಕೇಬಲಿನಲ್ಲಿ ಆದ ತಪ್ಪುಗಳು. ಇಲ್ಲಿ 199 ಸೊನ್ನೆ, 5 ಕಡಿಮೆ, 197 ಮಾತ್ರ ಸಾವಿರ ದಾಟಿತ್ತು. ಅಂದರೆ ಕೇಬಲ್ ಸರಿ ಉಂಟು, ಪ್ಲ್ಯಾಟರಿನಲ್ಲೇ ಕೆಟ್ಟ ಜಾಗ ಉಂಟು.

ಇಂಥ ಡಿಸ್ಕಿನಿಂದ ಒಂದೊಂದೇ ಫೈಲ್ ಕಾಪಿ ಮಾಡಲು ಹೋಗಬಾರದು. ಪೂರ್ತಿ ಡಿಸ್ಕಿನ ಸೆಕ್ಟರ್ ಸೆಕ್ಟರಿನ ಪ್ರತಿ, ಅಂದರೆ ಇಮೇಜ್ ತೆಗೆದು, ಫೈಲ್ ಹುಡುಕುವ ಕೆಲಸವನ್ನೆಲ್ಲ ಆ ಇಮೇಜಿನ ಮೇಲೆ ಮಾಡಬೇಕು. ಅದಕ್ಕೆ ನಾನು ನಂಬುವುದು ಗ್ನೂ ಡಿಡಿರೆಸ್ಕ್ಯೂ. ಆಂಟೋನಿಯೊ ಡಿಯಾಸ್ ಡಿಯಾಸ್ ಬರೆದ ಉಚಿತ ಸಾಫ್ಟ್‌ವೇರ್, 2004ರಿಂದ ಇದೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಹೆಚ್ಚುಕಡಿಮೆ ಇದೇ ಹೆಸರಿನ ಬೇರೊಂದು ಪ್ರೋಗ್ರಾಮೂ ಇದೆ, ನೋಡಿ ಹಾಕಿಕೊಳ್ಳಿ. ಇದರ ಜಾಣತನ ಇಷ್ಟೇ: ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರುವುದಿಲ್ಲ, ಹಾರಿ ಮುಂದೆ ಹೋಗುತ್ತದೆ. ಸುಲಭವಾಗಿ ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಯಾವುದು ಓದಿಯಾಯಿತು, ಯಾವುದು ಬಾಕಿ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ನಡುವೆ ನಿಲ್ಲಿಸಿದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ಮ್ಯಾಪ್ ಫೈಲನ್ನು ಹೊಸ ಡಿಸ್ಕಿನಲ್ಲೇ ಇಡಿ. ಪೆನ್ ಡ್ರೈವಿನ ಲಿನಕ್ಸಿನ ಡೆಸ್ಕ್‌ಟಾಪಿನಲ್ಲಿ ಇಟ್ಟರೆ, ಕಂಪ್ಯೂಟರ್ ಆಫ್ ಆದ ಕೂಡಲೇ ಅದು ಮಾಯ.

ಹೊಸ ಡಿಸ್ಕ್ 2 ಟಿಬಿಯದ್ದು ತಂದೆ. 500 ಜಿಬಿಯ ಡಿಸ್ಕ್ ಅಂದರೆ ಸರಿಯಾಗಿ 97,67,73,168 ಸೆಕ್ಟರ್, ಒಂದೊಂದೂ 512 ಬೈಟ್. ಅಂಥ ಎರಡು ಇಮೇಜ್ 1 ಟಿಬಿ ಡಿಸ್ಕಿನಲ್ಲಿ ಹಿಡಿಯುವುದಿಲ್ಲ, ಕೂದಲೆಳೆಯಷ್ಟರಲ್ಲಿ ತಪ್ಪುತ್ತದೆ. ಒಂದು ಮುಟ್ಟದ ಇಮೇಜ್, ಒಂದು ಕೆಲಸ ಮಾಡುವ ಇಮೇಜ್, ಮೇಲೆ ಹೊರತೆಗೆದ ಫೈಲ್‌ಗಳಿಗೆ ಜಾಗ, ಇಷ್ಟು ಬೇಕೇ ಬೇಕು.

ಕಮಾಂಡ್ ಹೊಡೆಯುವ ಮೊದಲು ಎರಡೂ ಡಿಸ್ಕಿನ ಸೀರಿಯಲ್ ನಂಬರನ್ನು ಲೇಬಲಿನ ಜೊತೆ ತಾಳೆ ನೋಡಿದೆ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಪ್ರತಿ ಸಲ ಶುರು ಮಾಡಿದಾಗ ಅದಲು ಬದಲಾಗಬಹುದು. ಮೂಲ ಯಾವುದು, ಗುರಿ ಯಾವುದು ಅನ್ನುವುದು ತಿರುಗುಮುರುಗಾದರೆ ಆಮೇಲೆ ಉಳಿಸಲು ಏನೂ ಇರುವುದಿಲ್ಲ.

ಇನ್ನು ಹೆಸರಿನ ವಿಷಯ. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಫೈಲಿನ ಹೆಸರು ಫೈಲಿನ ಒಳಗೆ ಇರುವುದಿಲ್ಲ. ಎಂಎಫ್‌ಟಿ ಅಂತ ಒಂದು ದಾಖಲೆಯ ಪಟ್ಟಿ ಇದೆ. ಸಾಮಾನ್ಯವಾಗಿ ಒಂದು ಫೈಲಿಗೆ 1024 ಬೈಟಿನ ಒಂದು ದಾಖಲೆ. ಹೆಸರು, ತಾರೀಕು, ಯಾವ ಫೋಲ್ಡರು, ಡೇಟಾ ಡಿಸ್ಕಿನ ಎಲ್ಲಿಂದ ಎಲ್ಲಿಗೆ ಇದೆ ಅನ್ನುವುದು ಅದರಲ್ಲಿರುತ್ತದೆ. ಸಾವಿರಾರು ಫೈಲ್ ಇದ್ದರೂ ಪಟ್ಟಿಯ ಗಾತ್ರ ಕೆಲವು ಎಂಬಿ ಮಾತ್ರ. ಡಿಸ್ಕ್ ಯಾವ ಹೊತ್ತಿಗೆ ಪೂರ್ತಿ ಕೈ ಕೊಡುತ್ತದೋ ಗೊತ್ತಿಲ್ಲ. ಆದ್ದರಿಂದ ಉಸಿರು ಇರುವಾಗ ಮೊದಲು ತೆಗೆಯಬೇಕಾದದ್ದು ಆ ಕೆಲವು ಎಂಬಿ.

ಅದು ಎಲ್ಲಿದೆ ಅಂತ ಹೇಳುವುದು ಪಾರ್ಟಿಶನ್ನಿನ, ಅಂದರೆ ಡಿಸ್ಕಿನಲ್ಲಿ ಒಂದು ಡ್ರೈವಿಗೆ ಬಿಟ್ಟ ಭಾಗದ, ಮೊದಲ ಸೆಕ್ಟರ್. ಡಿ ಡ್ರೈವಿನ ಆ ಸೆಕ್ಟರೇ ಓದಲು ಬರಲಿಲ್ಲ. ವಿಂಡೋಸ್ ಫಾರ್ಮ್ಯಾಟ್ ಮಾಡಲು ಕೇಳುತ್ತಿದ್ದದ್ದು ಇದಕ್ಕೇ. ಆದರೆ ಎನ್‌ಟಿಎಫ್‌ಎಸ್ ಅದರ ಒಂದು ನಕಲನ್ನು ಪಾರ್ಟಿಶನ್ನಿನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಡಿಡಿರೆಸ್ಕ್ಯೂಗೆ ಎಲ್ಲಿಂದ ಓದಬೇಕು, ಎಷ್ಟು ಓದಬೇಕು ಅಂತ ಹೇಳಲು ಬರುತ್ತದೆ. ಕೊನೆಯ ತುಂಡನ್ನು ಮಾತ್ರ ಓದಿಸಿದೆ. ಬಂತು! ಪಟ್ಟಿ ಶುರುವಾಗುವ ಕ್ಲಸ್ಟರಿನ (ಸೆಕ್ಟರುಗಳ ಗುಂಪಿನ) ನಂಬರ್ ಅದರಲ್ಲಿ 7,86,432 ಅಂತಿತ್ತು. ಒಂದು ಕ್ಲಸ್ಟರಿಗೆ 4096 ಬೈಟ್. ಗುಣಿಸಿದರೆ ಪಾರ್ಟಿಶನ್ ಶುರುವಾಗಿ ಸರಿಯಾಗಿ 3 ಜಿಬಿ ದೂರ. ವಿಂಡೋಸ್ ದೊಡ್ಡ ಡ್ರೈವನ್ನು ಫಾರ್ಮ್ಯಾಟ್ ಮಾಡುವಾಗ ಸಾಮಾನ್ಯವಾಗಿ ಇಡುವ ಜಾಗವೇ ಅದು. ಆ ಸುತ್ತಿನ ತುಂಡನ್ನು ಓದಿಸಿದೆ. ಒಂದೆರಡು ಕಡೆ ತಡವರಿಸಿತು, ಉಳಿದದ್ದೆಲ್ಲ ಸಲೀಸಾಗಿ ಬಂತು. ಇಮೇಜಿನಲ್ಲಿ ಇಣುಕಿದರೆ ಮಾಸ್ಟ್ರು ಟೈಪ್ ಮಾಡಿದ ಹೆಸರುಗಳು ಸಾಲಾಗಿ ಕಂಡವು: ಕಟೀಲು, ಕಾರ್ಕಳ, ಉಪ್ಪಿನಂಗಡಿ. ಆಡಿಯೋ ಇನ್ನೂ ಒಂದೂ ಬಂದಿರಲಿಲ್ಲ. ಆದರೂ ಆಗಲೇ ಎದೆಯ ಭಾರ ಇಳಿದಿತ್ತು.

ಆಮೇಲೆ ಪೂರ್ತಿ ಡಿಸ್ಕ್. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗವನ್ನು ಕೆರೆಯಬೇಡ, ಅಂದರೆ ಅಲ್ಲಿ ಒಂದೊಂದೇ ಸೆಕ್ಟರ್ ಓದಲು ಹೋಗಬೇಡ ಅಂತ ಹೇಳಿ ಓಡಿಸಿದೆ. ಒಳ್ಳೇ ಡಿಸ್ಕ್ ಆಗಿದ್ದರೆ ಎರಡು ಗಂಟೆಯ ಕೆಲಸ. ಇದು ರಾತ್ರಿಯಿಡೀ ಓಡಿತು. ನಡುವೆ ಒಂದು ಕಡೆ ಸೆಕೆಂಡಿಗೆ ಕೆಲವು ಕೆಬಿಗೆ ಇಳಿದು, ಮತ್ತೆ ಏರಿತು. ಬೆಳಿಗ್ಗೆ ನೋಡಿದರೆ ಬಾಕಿ ಇದ್ದದ್ದು ಒಟ್ಟು ಡಿಸ್ಕಿನ ಸಣ್ಣ ಅಂಶ. ಎರಡನೇ ಸುತ್ತಿನಲ್ಲಿ ಕೆರೆಯಲು ಬಿಟ್ಟೆ, ಮತ್ತೊಂದು ಸುತ್ತು ಡಿಸ್ಕಿನ ಕೊನೆಯಿಂದ ಮೊದಲಿನ ಕಡೆಗೆ ಓದಿಸಿದೆ. ಎದುರು ದಿಕ್ಕಿನಿಂದ ಬಂದಾಗ ಕೆಟ್ಟ ಜಾಗದ ಅಂಚಿನ ಸೆಕ್ಟರ್‌ಗಳು ಬರುವುದುಂಟು. ಇಲ್ಲಿಯೂ ಕೆಲವು ಬಂದವು. ಕೊನೆಗೆ ಬಾರದೇ ಉಳಿದದ್ದು ಅರ್ಧ ಎಂಬಿಗೂ ಕಡಿಮೆ. ಅಲ್ಲಿಗೆ ನಿಲ್ಲಿಸಿ ಡಿಸ್ಕನ್ನು ಬಿಚ್ಚಿ, ಆಂಟಿ ಸ್ಟ್ಯಾಟಿಕ್ ಕವರಿಗೆ ಹಾಕಿಟ್ಟೆ.

ಅರ್ಧ ಎಂಬಿಯಲ್ಲಿ ಯಾರು ಸಿಕ್ಕಿಬಿದ್ದರು

ಕೆಲಸದ ಇಮೇಜಿನಲ್ಲಿ ಪಾರ್ಟಿಶನ್ ಸರಿಪಡಿಸುವ ಟೆಸ್ಟ್‌ಡಿಸ್ಕ್ ಅನ್ನುವ ಪ್ರೋಗ್ರಾಮ್ ಬಳಸಿ, ಕೊನೆಯ ಸೆಕ್ಟರಿನ ನಕಲನ್ನು ಮೊದಲ ಸೆಕ್ಟರಿಗೆ ಹಾಕಿದೆ. ಡಿ ಡ್ರೈವ್ ತೆರೆಯಿತು. ಫೋಲ್ಡರು, ಹೆಸರು, ತಾರೀಕು ಎಲ್ಲ ಇದ್ದ ಹಾಗೆಯೇ.

ಆದರೆ ಫೈಲ್ ಕಾಣುತ್ತದೆ ಅಂದ ಮಾತ್ರಕ್ಕೆ ಅದು ಪೂರ್ತಿ ಇದೆ ಅಂತಲ್ಲ. ಓದಲಾಗದ ಸೆಕ್ಟರಿನ ಜಾಗದಲ್ಲಿ ಇಮೇಜಿನಲ್ಲಿ ಸೊನ್ನೆಗಳಿರುತ್ತವೆ. ಯಾವ ಫೈಲಿನಲ್ಲಿ ಆ ಸೊನ್ನೆ ಅಂತ ತಿಳಿಯಲು ಡಿಡಿರೆಸ್ಕ್ಯೂನಲ್ಲೇ ದಾರಿ ಇದೆ. ಅದರ ಫಿಲ್ ಮೋಡಿನಲ್ಲಿ, ಮ್ಯಾಪ್ ಫೈಲಿನ ಪ್ರಕಾರ ಕೆಟ್ಟ ಜಾಗಗಳಲ್ಲೆಲ್ಲ ನಮಗೆ ಬೇಕಾದ ಒಂದು ಗುರುತಿನ ಪದವನ್ನು ತುಂಬಿಸಬಹುದು. ಆಮೇಲೆ ಎಲ್ಲ ಫೈಲ್‌ಗಳಲ್ಲಿ ಆ ಪದವನ್ನು ಹುಡುಕಿದರೆ, ಏಟು ಬಿದ್ದ ಫೈಲ್‌ಗಳ ಪಟ್ಟಿ ಸಿಗುತ್ತದೆ. ಪಟ್ಟಿ ಸಿಕ್ಕಿದ ಮೇಲೆ ಅದೇ ಜಾಗಗಳಿಗೆ ಮತ್ತೆ ಸೊನ್ನೆ ತುಂಬಿಸಬೇಕು. ಇಲ್ಲದಿದ್ದರೆ ಆಡಿಯೋ ಕೇಳುವಾಗ ಆ ಗುರುತೇ ಕರ್ಕಶ ಸದ್ದಾಗಿ ಕಿವಿಗೆ ಬಡಿಯುತ್ತದೆ.

ಬೆರಳೆಣಿಕೆಯ ಫೈಲ್‌ಗಳು ಸಿಕ್ಕವು. ವೇವ್ ಫೈಲ್ ಆಗಿದ್ದದ್ದು ಇಲ್ಲಿ ನಮ್ಮ ಪುಣ್ಯ. ಸೆಕೆಂಡಿಗೆ ಧ್ವನಿಯ 44,100 ಅಳತೆಗಳು (ಸ್ಯಾಂಪಲ್), 16 ಬಿಟ್, ಸ್ಟೀರಿಯೋ ಅಂದರೆ ಸೆಕೆಂಡಿಗೆ 1,76,400 ಬೈಟ್. ಒಂದು ಸೆಕ್ಟರಿನ 512 ಬೈಟಿನಲ್ಲಿ 128 ಸ್ಯಾಂಪಲ್. ಕಾಲದ ಲೆಕ್ಕದಲ್ಲಿ ಮೂರು ಮಿಲಿಸೆಕೆಂಡಿಗೂ ಸ್ವಲ್ಪ ಕಡಿಮೆ. ಒಂದು ಸೆಕ್ಟರ್ ಹೋದರೆ ಹೋದದ್ದು ಅಷ್ಟೇ, ಅದರ ಹಿಂದಿನದು ಮುಂದಿನದು ಎಲ್ಲ ಸರಿಯಾಗಿಯೇ ಇರುತ್ತದೆ. ಜೆಪೆಗ್ ಫೋಟೋ ಆಗಿದ್ದರೆ ಒಂದು ಸೆಕ್ಟರಿನ ಏಟಿಗೆ ಅದರ ಕೆಳಗಿನ ಭಾಗವೆಲ್ಲ ಬಣ್ಣಗೆಟ್ಟು ಹೋಗಬಹುದಿತ್ತು.

ಆಡಿಯೋ ತಿದ್ದುವ ಪ್ರೋಗ್ರಾಮ್ ಆಡಾಸಿಟಿಯಲ್ಲಿ ಹಿಗ್ಗಿಸಿ ನೋಡಿದರೆ ಆ ಜಾಗ ಚೆನ್ನಾಗಿ ಕಾಣುತ್ತದೆ. ಏರಿಳಿಯುವ ಗೆರೆ ತಟ್ಟನೆ ನಿಂತು, ಚಪ್ಪಟೆ ಗೆರೆಯಾಗಿ, ಮತ್ತೆ ಏನೂ ಆಗದ ಹಾಗೆ ಏರಿಳಿಯುತ್ತದೆ. ಚೆಂಡೆಯ ಏರುಪೆಟ್ಟಿನ ನಡುವೆ ಬಿದ್ದದ್ದು ಕಿವಿಗೆ ಗೊತ್ತೇ ಆಗಲಿಲ್ಲ. ವಾಲಿಯ ಅರ್ಥದಲ್ಲಿ, ಮಾತು ಮುಗಿಸಿ ಎದುರಿನವರ ಉತ್ತರಕ್ಕೆ ಕಾಯುವ ಮೌನದಲ್ಲಿ ಬಿದ್ದದ್ದೂ ಕೇಳಲಿಲ್ಲ. ಭಾಗವತರು ಎಳೆದು ಹಿಡಿದ ಸ್ವರದ ನಡುವೆ ಬಿದ್ದದ್ದು ಮಾತ್ರ ಟಪ್ ಅಂತ ಕೇಳಿತು. ಆಡಾಸಿಟಿಯ ರಿಪೇರ್ ಅನ್ನುವ ಎಫೆಕ್ಟ್ ಒಮ್ಮೆಗೆ ಹೆಚ್ಚೆಂದರೆ 128 ಸ್ಯಾಂಪಲ್ ಸರಿಮಾಡುತ್ತದೆ. ಒಂದು ಸೆಕ್ಟರಿಗೆ ಸರಿಯಾಗಿ ಹೊಂದುವ ಅಳತೆ! ಒಂದೊಂದೇ ಬಿಡಿ ಸೆಕ್ಟರ್ ಹೋದಲ್ಲೆಲ್ಲ ಇದನ್ನು ಹಾಕಿದೆ, ಸ್ವರ ಸಲೀಸಾಗಿ ಕೂಡಿಕೊಂಡಿತು. ಸಾಲಾಗಿ ಹತ್ತಾರು ಹೋದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಎರಡೂ ಅಂಚನ್ನು ಮೆಲ್ಲಗೆ ಇಳಿಸಿ ಏರಿಸಿದೆ. ಈ ತಿದ್ದುಪಡಿ ಕೇಳುವ ಪ್ರತಿಯಲ್ಲಿ ಮಾತ್ರ. ಮೂಲದಿಂದ ಬಂದ ಫೈಲ್ ಏಟು ಸಮೇತ ಹಾಗೇ ಉಂಟು. ಮುಂದೆ ನನಗಿಂತ ಚೆನ್ನಾಗಿ ಮಾಡಬಲ್ಲವರು ಸಿಕ್ಕಾರು.

ಹೆಸರು ಹೋದವು

ಎಂಎಫ್‌ಟಿಯಲ್ಲಿ ತಡವರಿಸಿದ ಜಾಗದ ಕೆಲವು ದಾಖಲೆ ಹೋಗಿತ್ತು. ಆ ಫೈಲ್‌ಗಳ ಡೇಟಾ ಇಮೇಜಿನಲ್ಲಿ ಇದೆ, ಆದರೆ ಹೆಸರಿಲ್ಲ, ವಿಳಾಸವಿಲ್ಲ. ಇಲ್ಲಿ ಫೋಟೋರೆಕ್ ಬೇಕಾಯಿತು. ಟೆಸ್ಟ್‌ಡಿಸ್ಕ್ ಬರೆದ ಕ್ರಿಸ್ತೋಫ್ ಗ್ರೆನಿಯೆ ಅವರದ್ದೇ ಕೆಲಸ. ಹೆಸರಲ್ಲಿ ಫೋಟೋ ಅಂತಿದ್ದರೂ ನೂರಾರು ಬಗೆಯ ಫೈಲ್‌ಗಳನ್ನು ಅದು ಹುಡುಕುತ್ತದೆ. ಪಟ್ಟಿಯನ್ನು ನೋಡುವುದೇ ಇಲ್ಲ, ಡೇಟಾದ ಆರಂಭದ ಗುರುತನ್ನು ಹಿಡಿದು ಹೊರಡುತ್ತದೆ. ವೇವ್ ಫೈಲಿನ ತಲೆಯಲ್ಲಿ ಅದರ ಉದ್ದವೂ ಬರೆದಿರುತ್ತದೆ. ಹಾಗಾಗಿ ಫೈಲ್ ತುಂಡಾಗದೆ ಒಂದೇ ಕಡೆ ಇದ್ದರೆ ಪೂರ್ತಿ ಬರುತ್ತದೆ. ಮಾಸ್ಟ್ರು ಒಂದರ ಹಿಂದೆ ಒಂದು ತುಂಬಿಸುತ್ತಾ ಹೋದ ಡಿಸ್ಕ್, ಅಳಿಸಿದ್ದು ಕಡಿಮೆ. ಹೆಚ್ಚಿನವು ಅಖಂಡವಾಗಿಯೇ ಇದ್ದವು.

ಫೋಟೋರೆಕ್ ಕೊಡುವ ಹೆಸರು ಎಫ್ ಅಕ್ಷರ, ಮುಂದೆ ಒಂದು ನಂಬರ್. ಆ ನಂಬರ್ ಸುಮ್ನೆ ಕೊಟ್ಟದ್ದಲ್ಲ. ಫೈಲ್ ಡಿಸ್ಕಿನಲ್ಲಿ ಶುರುವಾಗುವ ಜಾಗ ಅದು. ಇದು ಗೊತ್ತಿದ್ದರೆ ಹೆಸರು ಹುಡುಕಲು ಒಂದು ಎಳೆ ಸಿಕ್ಕಿದ ಹಾಗೆ. ಹೆಸರಿರುವ ಫೈಲ್‌ಗಳನ್ನೂ ಡಿಸ್ಕಿನಲ್ಲಿ ಇರುವ ಜಾಗದ ಕ್ರಮದಲ್ಲಿ ಸಾಲು ಮಾಡಿದೆ. ಹೆಸರಿಲ್ಲದ್ದು ಎಲ್ಲಿ ಕೂರುತ್ತದೆ ಅಂತ ನೋಡಿದೆ. ಮೊದಲಿನದ್ದು ಒಂದು ಕ್ಯಾಸೆಟ್ಟಿನ ಎ ಬದಿ, ನಂತರದ್ದು ಮುಂದಿನ ಕ್ಯಾಸೆಟ್ಟಿನ ಎ ಬದಿ ಆದರೆ, ನಡುವಿನದ್ದು ಹಿಂದಿನದರ ಬಿ ಬದಿ ಆಗಿರಬೇಕು. ಹೀಗೆ ಒಂದು ಊಹೆಯ ಪಟ್ಟಿ ಮಾಡಿ ಮಾಸ್ಟ್ರ ಎದುರು ಕೂತೆ. ಕೇಳಿ ಒಪ್ಪಬೇಕಾದವರು ಅವರೇ.

ಸಾಮಾನ್ಯವಾಗಿ ಅರ್ಧ ನಿಮಿಷ ಸಾಕಾಗುತ್ತಿತ್ತು. ಭಾಗವತರ ಧ್ವನಿ ಬಂದ ಕೂಡಲೇ ಹೇಳಿಬಿಡುತ್ತಿದ್ದರು. ಒಂದು ಫೈಲಿನಲ್ಲಿ ಮಾತಿನ ಹಿಂದೆ ಒಂದೇ ಸಮನೆ ಸದ್ದು. ನಾನು ಟೇಪಿನ ಗೊರಗೊರ ಅಂದುಕೊಂಡು ತಗ್ಗಿಸಲು ಹೊರಟಿದ್ದೆ.

“ತಡಿ ತಡಿ, ಅದು ಮಳೆ,” ಅಂದರು ಮಾಸ್ಟ್ರು. “ಉಪ್ಪಿನಂಗಡಿಯ ಕೂಟ. ಶೀಟಿನ ಮಾಡು. ಅವತ್ತು ಮಳೆ ಜೋರಾಗಿ ಅರ್ಥ ಹೇಳುವವ್ರು ಸ್ವರ ಏರಿಸಿ ಏರಿಸಿ ಮಾತಾಡಿದ್ರು. ಕೇಳು, ಈಗ ಕಡಿಮೆ ಆಗ್ತದೆ.”

ಹೇಳಿದ ಹಾಗೆಯೇ ಕಡಿಮೆಯಾಯಿತು. ಸದ್ದು ತಗ್ಗಿಸುವ ಫಿಲ್ಟರ್ ಹಾಕಲಿಲ್ಲ. ಫೈಲಿನ ಹೆಸರಿಗೆ ಊರಿನ ಜೊತೆ ‘ಮಳೆ’ ಅಂತಲೂ ಸೇರಿಸಿದೆವು.

ಒಟ್ಟಿನಲ್ಲಿ ಬಾರದೇ ಹೋದದ್ದು ಎರಡು ಬದಿ. ಹೆಸರೂ ಇಲ್ಲ, ಆಡಿಯೋ ನಡುವೆ ಬೇರೆ ಫೈಲಿನ ತುಂಡು ಸೇರಿಕೊಂಡಿದೆ. ಯಾವ ಕ್ಯಾಸೆಟ್ ಅಂತ ಮೊದಲ ಕೆಲವು ನಿಮಿಷದಿಂದ ಗೊತ್ತಾಗಿದೆ. ಒಂದರ ಮೂಲ ಕ್ಯಾಸೆಟ್ ಮಾಸ್ಟ್ರ ಅಟ್ಟದಲ್ಲೇ ಸಿಕ್ಕಿತು. ಟೇಪಿಗೆ ಬೂಸ್ಟು ಬಂದಿದೆ, ಬಿಳಿ ಪುಡಿ ಸುರುಳಿಯ ಬದಿಯಲ್ಲಿ ಕಾಣುತ್ತದೆ. ಅದನ್ನು ಹಾಗೇ ಪ್ಲೇಯರಿಗೆ ಹಾಕಿದರೆ ಹೆಡ್ಡಿಗೂ ಆಮೇಲೆ ಬೇರೆ ಕ್ಯಾಸೆಟ್ಟಿಗೂ ಹತ್ತುತ್ತದೆ. ಮೊದಲು ಒಣಗಿಸಿ, ಬದಿಯನ್ನು ಮೆಲ್ಲಗೆ ಒರೆಸಿ, ಬೇರೆಯೇ ಒಂದು ಹಳೇ ಪ್ಲೇಯರಿನಲ್ಲಿ ನುಡಿಸಬೇಕು. ಇನ್ನೊಂದರ ಕ್ಯಾಸೆಟ್ಟಿಗಾಗಿ ಮಾಸ್ಟ್ರು ಕಾರ್ಕಳದ ಗೆಳೆಯರೊಬ್ಬರಿಗೆ ಹೇಳಿಟ್ಟಿದ್ದಾರೆ.

ಈಗ ಎಲ್ಲ ಫೈಲ್ ಮೂರು ಕಡೆ ಉಂಟು. 2 ಟಿಬಿ ಡಿಸ್ಕಿನಲ್ಲಿ ಒಂದು. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿರುವ ಬೇರೊಂದು ಡಿಸ್ಕಿನಲ್ಲಿ ಇನ್ನೊಂದು. ಮೂರನೆಯದು ಬೆಂಗಳೂರಿನಲ್ಲಿ ಮಾಸ್ಟ್ರ ಮಗಳ ಮನೆಯಲ್ಲಿ. ಹೆಸರುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಫೈಲ್ ಮಾಡಿ ಕೊಟ್ಟಿದ್ದೇನೆ. ಅದರಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದೇವೆ. ಅಂಚಿನಲ್ಲಿ ಮಾಸ್ಟ್ರು ಪೆನ್ಸಿಲಿನಲ್ಲಿ ಇನ್ನಷ್ಟು ಬರೆಯುತ್ತಿದ್ದಾರೆ: ಮದ್ದಲೆ ಯಾರದ್ದು, ಕೂಟ ಯಾರ ಮನೆಯ ಅಂಗಳದಲ್ಲಿ ನಡೆದದ್ದು, ರೆಕಾರ್ಡ್ ಮಾಡಿದವರು ಯಾರು. ಬರೆದಷ್ಟನ್ನು ನಾನು ವಾರಕ್ಕೊಮ್ಮೆ ಟೈಪ್ ಮಾಡಿ ಮೂರೂ ಪ್ರತಿಗೆ ಸೇರಿಸುತ್ತಿದ್ದೇನೆ.